ಮನಶ್ಶಾಸ್ತ್ರದ ಮುನ್ನೂರು ಪ್ರಶ್ನೆ: 180 ರೂಪಾಯಿಯ ಪ್ರಶ್ನೆಕೋಶದಲ್ಲಿ ಏನಿದೆ, ಏನಿಲ್ಲ

ಬೆಂಗಳೂರಿನ ಅವೆನ್ಯೂ ರಸ್ತೆಯ ಪುಸ್ತಕದಂಗಡಿಗಳಲ್ಲೂ ವಿಜಯನಗರದ ಕೋಚಿಂಗ್ ಸೆಂಟರುಗಳ ಸುತ್ತಮುತ್ತಲ ಜೆರಾಕ್ಸ್ ಅಂಗಡಿಗಳಲ್ಲೂ ನೀಲಿ ರಟ್ಟಿನ ಒಂದು ಸ್ಪೈರಲ್ ಪುಸ್ತಕ ಸಿಗುತ್ತದೆ. ರಟ್ಟಿನ ಮೇಲೆ ಮನಶ್ಶಾಸ್ತ್ರ ಪ್ರಶ್ನೆಕೋಶ ಎಂದಷ್ಟೇ ಇದೆ. ಬರೆದವರ ಹೆಸರಿಲ್ಲ, ಪ್ರಕಾಶಕರ ಹೆಸರಿಲ್ಲ, ವರ್ಷವೂ ಇಲ್ಲ. ಒಳಗೆ 12 ಅಧ್ಯಾಯ, ಅಧ್ಯಾಯಕ್ಕೆ 25ರಂತೆ 300 ಪ್ರಶ್ನೆ, ಪ್ರತಿ ಪ್ರಶ್ನೆಗೂ ಅ, ಆ, ಇ, ಈ ಎಂದು ನಾಲ್ಕು ಆಯ್ಕೆ. ಉತ್ತರಗಳು ಆಯಾ ಪುಟದ ಅಡಿಯಲ್ಲೇ ಸಣ್ಣ ಅಕ್ಷರದಲ್ಲಿವೆ. ಕೊನೆಗೆ ನಾಲ್ಕು ಒಎಂಆರ್ ಹಾಳೆ. ಬೆಲೆ 180 ರೂಪಾಯಿ.

ಪಿಯುಸಿಯಲ್ಲಿ ಮನಶ್ಶಾಸ್ತ್ರ ತೆಗೆದುಕೊಂಡವರು, ಬಿ.ಎ. ಮೊದಲ ವರ್ಷದವರು, ಬಿ.ಎಡ್. ಮತ್ತು ನರ್ಸಿಂಗ್ ವಿದ್ಯಾರ್ಥಿಗಳು ಇದನ್ನು ಕೊಳ್ಳುತ್ತಾರೆ. ಟಿಇಟಿಗೆ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುವವರಂತೂ ಸರಿಯೇ: ಆ ಪರೀಕ್ಷೆಯ 150 ಪ್ರಶ್ನೆಗಳಲ್ಲಿ 30 ಶಿಶು ವಿಕಾಸ ಮತ್ತು ಬೋಧನಾ ವಿಧಾನದವು, ಅಂದರೆ ಬಹುಪಾಲು ಮನಶ್ಶಾಸ್ತ್ರವೇ. ಕನ್ನಡದಲ್ಲಿ ಈ ವಿಷಯಕ್ಕೆ ಅಭ್ಯಾಸ ಪ್ರಶ್ನೆಗಳು ವಿರಳವಾದ್ದರಿಂದ ಇಂಥ ಪುಸ್ತಕವನ್ನು ಗಂಭೀರವಾಗಿ ತೂಗಿ ನೋಡಬೇಕು. ಮುನ್ನೂರನ್ನೂ ಬಿಡಿಸಿ, ಪ್ರತಿ ಉತ್ತರವನ್ನೂ ಪಠ್ಯದೊಂದಿಗೆ ತಾಳೆ ನೋಡಿದ ಮೇಲೆ ನಮ್ಮ ತೀರ್ಮಾನ ಇದು: ಕಲಿಕೆ ಮತ್ತು ಸ್ಮೃತಿ, ಈ ಎರಡು ಅಧ್ಯಾಯಗಳಿಗೆ ಕೊಟ್ಟ ದುಡ್ಡು ಮೋಸವಲ್ಲ. ನಾಲ್ಕೈದು ಅಧ್ಯಾಯ ಪರವಾಗಿಲ್ಲ. ಉಳಿದವು ಹೆಸರು-ಇಸವಿಗಳ ಪಟ್ಟಿ. ಹನ್ನೊಂದು ಕಡೆ ಕೊಟ್ಟಿರುವ ಉತ್ತರವೇ ತಪ್ಪು. ತಿದ್ದಿಕೊಂಡು ಬಳಸಿದರೆ ಮಾತ್ರ ಕೊಳ್ಳಬಹುದು.

ಕಲಿಕೆಯ ಅಧ್ಯಾಯದಿಂದಲೇ ಶುರುಮಾಡುವುದು ನ್ಯಾಯ. ಕಡಲೆಕಾಯಿ ಗಾಡಿಯ ಒಂದು ಸನ್ನಿವೇಶ ಕೊಟ್ಟು ಅದರ ಮೇಲೆ ಸಾಲಾಗಿ ಐದು ಪ್ರಶ್ನೆ ಕೇಳಿದ್ದಾರೆ. ಗಾಡಿಯವನು ಸೌಟಿನಿಂದ ಬಾಣಲೆಗೆ ಟಣಟಣ ಬಡಿದ ಕೂಡಲೇ ಮಗುವಿನ ಬಾಯಲ್ಲಿ ನೀರೂರುತ್ತದೆ. ಇಲ್ಲಿ ಅನುಬಂಧಿತ ಪ್ರಚೋದನೆ, ಅಂದರೆ ಕಲಿಕೆಯಿಂದಷ್ಟೇ ಪ್ರತಿಕ್ರಿಯೆ ಬರಿಸುವಂತಾದದ್ದು, ಯಾವುದು? ಆಯ್ಕೆಗಳು: ಕಡಲೆಕಾಯಿಯ ರುಚಿ, ಬಾಣಲೆಯ ಸದ್ದು, ರುಚಿಗೆ ಊರಿದ ನೀರು, ಸದ್ದಿಗೆ ಊರಿದ ನೀರು. ನಾಲ್ಕೂ ಅದೇ ದೃಶ್ಯದವು. ರುಚಿ ಸ್ವಾಭಾವಿಕ ಪ್ರಚೋದನೆ, ರುಚಿಗೆ ಊರುವ ನೀರು ಸ್ವಾಭಾವಿಕ ಪ್ರತಿಕ್ರಿಯೆ, ಸದ್ದು ಅನುಬಂಧಿತ ಪ್ರಚೋದನೆ, ಸದ್ದಿಗೆ ಊರುವ ನೀರು ಅನುಬಂಧಿತ ಪ್ರತಿಕ್ರಿಯೆ. ಗಂಟೆಯ ಸದ್ದಿಗೇ ನಾಯಿಗೆ ಜೊಲ್ಲೂರುವಂತಾದ ಪ್ರಯೋಗವನ್ನು ಪಾವ್ಲೋವ್, ನಾಯಿ, ಗಂಟೆ ಎಂದು ಬಾಯಿಪಾಠ ಮಾಡಿದವರಿಗೆ ಇಲ್ಲಿ ಹಿಡಿಯಲು ಕೊಂಬೆಯೇ ಇಲ್ಲ, ಅರ್ಥ ಮಾಡಿಕೊಂಡವರಿಗೆ ಅರ್ಧ ನಿಮಿಷದ ಕೆಲಸ. ಮೂರನೆಯ ಮತ್ತು ನಾಲ್ಕನೆಯ ಆಯ್ಕೆಗಳೆರಡೂ ನೀರೂರುವುದೇ ಆಗಿರುವುದು ಈ ಪ್ರಶ್ನೆಯ ನಿಜವಾದ ಬಲ. ಪ್ರತಿಕ್ರಿಯೆಯ ಹೆಸರು ಬದಲಾಗುವುದು ಅದು ಏನು ಎಂಬುದರಿಂದಲ್ಲ, ಯಾವುದಕ್ಕೆ ಬಂತು ಎಂಬುದರಿಂದ.

ಮುಂದಿನ ನಾಲ್ಕು ಪ್ರಶ್ನೆಗಳು ಅದೇ ಗಾಡಿಯ ಹಿಂದೆ ಹೋಗುತ್ತವೆ. ಬೇರೆ ಗಾಡಿಯ ಸದ್ದಿಗೂ ನೀರೂರಿದರೆ ಸಾಮಾನ್ಯೀಕರಣ. ಪಾತ್ರೆ ತೊಳೆಯುವ ಸದ್ದಿಗೆ ಊರದೆ ಗಾಡಿಯ ಸದ್ದಿಗೆ ಮಾತ್ರ ಊರಿದರೆ ವಿಭೇದೀಕರಣ. ಸದ್ದು ಕೇಳುತ್ತಲೇ ಇದ್ದು ಕಡಲೆಕಾಯಿ ಸಿಗದೇ ಹೋದರೆ, ದಿನ ಕಳೆದಂತೆ ನೀರೂರುವುದು ನಿಲ್ಲುವುದು ನಶಿಸುವಿಕೆ. ನಿಂತುಹೋದದ್ದು, ಕೆಲವು ದಿನ ಸದ್ದೇ ಕೇಳದೆ ಇದ್ದು ಮತ್ತೆ ಕೇಳಿದಾಗ ಹಠಾತ್ತನೆ ಕಾಣಿಸಿಕೊಂಡರೆ ಸ್ವಯಂ ಮರುಕಳಿಕೆ. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿ ಬಂದವರಿಗೆ ಈ ಐದನ್ನೂ ಇನ್ನೊಮ್ಮೆ ಓದಬೇಕಾಗಿಲ್ಲ. ಸರಪಳಿ ಪ್ರಶ್ನೆಗಳಲ್ಲಿ ಒಂದು ಅಪಾಯ ಇದೆ: ಮೊದಲನೆಯದು ತಪ್ಪಿದರೆ ಉಳಿದವೂ ತಪ್ಪುತ್ತವೆ. ಇಲ್ಲಿ ಹಾಗಾಗಿಲ್ಲ, ಪ್ರತಿ ಪ್ರಶ್ನೆಯೂ ಸನ್ನಿವೇಶವನ್ನು ಹೊಸದಾಗಿ ಹೇಳಿ ಮುಂದೆ ಹೋಗುತ್ತದೆ. ಬರೆದವರು ಯಾರೇ ಆಗಲಿ, ತರಗತಿಯಲ್ಲಿ ಪಾಠ ಮಾಡಿದವರು ಎಂಬುದು ಗೊತ್ತಾಗುತ್ತದೆ.

ಅದೇ ಅಧ್ಯಾಯದ ಕೊನೆಯಲ್ಲಿ ಪಾವ್ಲೋವ್‌ಗೆ ನೊಬೆಲ್ ಬಂದದ್ದು ಅನುಬಂಧನದ ಶೋಧಕ್ಕೆ ಎಂದು ಉತ್ತರ ಕೊಟ್ಟಿದ್ದಾರೆ. ಅಲ್ಲ. 1904ರ ಆ ಬಹುಮಾನ ಜೀರ್ಣಕ್ರಿಯೆಯ ಶರೀರಶಾಸ್ತ್ರಕ್ಕೆ.

ಇದಕ್ಕಿಂತ ದೊಡ್ಡ ತಪ್ಪು ಪುನರ್ಬಲನದ ಭಾಗದಲ್ಲಿದೆ. ಹೆಲ್ಮೆಟ್ ಹಾಕದವನಿಗೆ ಸಿಗ್ನಲ್‌ನಲ್ಲಿ ಪೊಲೀಸರು 500 ರೂಪಾಯಿ ದಂಡ ಹಾಕುತ್ತಾರೆ, ಇದು ಯಾವುದರ ಉದಾಹರಣೆ ಎಂಬ ಪ್ರಶ್ನೆಗೆ ಉತ್ತರ ಋಣಾತ್ಮಕ ಪುನರ್ಬಲನ ಎಂದಿದೆ. ಈ ವಿಷಯದಲ್ಲಿ ಅತಿ ಹೆಚ್ಚು ಜನ ಎಡವುವ ಕಲ್ಲೇ ಇದು, ಪುಸ್ತಕವೂ ಅಲ್ಲೇ ಎಡವಿದೆ. ಋಣಾತ್ಮಕ ಅಂದ ಕೂಡಲೇ ಕೆಟ್ಟದ್ದು, ಶಿಕ್ಷೆ ಎಂದು ಮನಸ್ಸು ಜಾರುತ್ತದೆ. ನಿಜವಾಗಿ ಕೇಳಿಕೊಳ್ಳಬೇಕಾದದ್ದು ಎರಡೇ ಪ್ರಶ್ನೆ, ಇದೇ ಕ್ರಮದಲ್ಲಿ. ವರ್ತನೆ ಹೆಚ್ಚಿತೋ, ಕಡಿಮೆಯಾಯಿತೋ? ಹೆಚ್ಚಿದರೆ ಪುನರ್ಬಲನ, ಕಡಿಮೆಯಾದರೆ ಶಿಕ್ಷೆ. ಏನಾದರೂ ಸೇರಿತೋ, ಏನಾದರೂ ಹೋಯಿತೋ? ಸೇರಿದರೆ ಧನಾತ್ಮಕ, ಹೋದರೆ ಋಣಾತ್ಮಕ. ದಂಡದಲ್ಲಿ ಬರಿತಲೆಯಲ್ಲಿ ಗಾಡಿ ಓಡಿಸುವುದು ಕಡಿಮೆಯಾಗುತ್ತದೆ, ಜೇಬಿನಿಂದ ಹಣ ಹೋಗುತ್ತದೆ. ಹಾಗಾಗಿ ಋಣಾತ್ಮಕ ಶಿಕ್ಷೆ. ಋಣಾತ್ಮಕ ಪುನರ್ಬಲನಕ್ಕೆ ಸರಿಯಾದ ಉದಾಹರಣೆ ಕಾರಿನ ಸೀಟ್‌ಬೆಲ್ಟಿನ ಬೀಪ್ ಸದ್ದು: ಬೆಲ್ಟ್ ಹಾಕಿದೊಡನೆ ಕಿರಿಕಿರಿ ನಿಲ್ಲುತ್ತದೆ, ಬೆಲ್ಟ್ ಹಾಕುವ ಅಭ್ಯಾಸ ಗಟ್ಟಿಯಾಗುತ್ತದೆ. ಸೊಳ್ಳೆ ಕಚ್ಚದಂತೆ ಕಾಯಿಲ್ ಹಚ್ಚುವುದು, ತಲೆನೋವು ಹೋಗಲೆಂದು ಮಾತ್ರೆ ನುಂಗುವುದು ಇದೇ ಗುಂಪಿನವು. ಗುರುತಿಟ್ಟು ಹೇಳಬೇಕಾದ ಇನ್ನೊಂದು ಮಾತು: ಯಾರ, ಯಾವ ವರ್ತನೆಯ ಬಗ್ಗೆ ಕೇಳುತ್ತಿದ್ದಾರೆ ಎಂಬುದನ್ನು ಪ್ರಶ್ನೆ ಸ್ಪಷ್ಟವಾಗಿ ಹೇಳಬೇಕು. ಅಂಗಡಿಯಲ್ಲಿ ಅಳುವ ಮಗುವಿಗೆ ಚಾಕೊಲೇಟ್ ಕೊಡಿಸಿದರೆ ಮಗುವಿನ ಅಳುವಿಗೆ ಅದು ಧನಾತ್ಮಕ ಪುನರ್ಬಲನ, ಅಳು ನಿಂತದ್ದರಿಂದ ಅಪ್ಪನ ಕೊಡಿಸುವಿಕೆಗೆ ಋಣಾತ್ಮಕ ಪುನರ್ಬಲನ. ಒಂದೇ ಘಟನೆ, ಎರಡು ಸರಿಯುತ್ತರ. ಪುಸ್ತಕದ ಎರಡು ಪ್ರಶ್ನೆಗಳಲ್ಲಿ ಈ ಗೊಂದಲ ಹಾಗೇ ಉಳಿದಿದೆ.

ಪುನರ್ಬಲನದ ವೇಳಾಪಟ್ಟಿಗಳ, ಅಂದರೆ ಫಲ ಯಾವಾಗ ಸಿಗುತ್ತದೆ ಎಂಬ ಕ್ರಮಗಳ ಪ್ರಶ್ನೆಗಳು ಚೆನ್ನಾಗಿವೆ. 15 ಆರ್ಡರ್ ಮುಟ್ಟಿಸಿದರೆ ಒಂದು ಬೋನಸ್ ಎಂಬುದು ಸ್ಥಿರ ಅನುಪಾತ. ಎಷ್ಟು ಟಿಕೆಟ್ಟಿಗೆ ಬಹುಮಾನ ಬರುತ್ತದೆಂದು ತಿಳಿಯದ ಲಾಟರಿ ಚರ ಅನುಪಾತ. ಬಸ್ ನಿಲ್ದಾಣದಲ್ಲಿ ನಿಂತು ರಸ್ತೆಯತ್ತ ಮತ್ತೆ ಮತ್ತೆ ಕತ್ತು ಚಾಚುವುದು ಚರ ಅಂತರ, ಎಷ್ಟು ಸಲ ನೋಡಿದರೂ ಬಿಎಂಟಿಸಿ ಬೇಗ ಬರುವುದಿಲ್ಲವಲ್ಲ. ತಿಂಗಳ ಸಂಬಳವನ್ನು ಸ್ಥಿರ ಅಂತರ ಎಂದು ಕೊಟ್ಟಿದ್ದಾರೆ. ಪರೀಕ್ಷೆಯಲ್ಲಿ ಹಾಗೇ ಬರೆಯಿರಿ, ಹೆಚ್ಚಿನ ಗೈಡುಗಳಲ್ಲಿ ಅದೇ ಇದೆ. ಆದರೆ ನಿಖರವಾಗಿ ಹೇಳಿದರೆ ಸ್ಥಿರ ಅಂತರದಲ್ಲಿ ಅವಧಿ ಮುಗಿದ ಮೇಲೆ ಬರುವ ಮೊದಲ ಪ್ರತಿಕ್ರಿಯೆಗೆ ಫಲ ಸಿಗಬೇಕು. ಸಂಬಳಕ್ಕೆ ತಿಂಗಳ ಕೊನೆಯ ದಿನ ಒಂದು ಗುಂಡಿ ಒತ್ತಿದರೆ ಸಾಕು ಎಂದಿಲ್ಲ.

ಇನ್ನು ಸ್ಮೃತಿ. ಜರ್ಮನ್ ಮನಶ್ಶಾಸ್ತ್ರಜ್ಞ ಎಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅರ್ಥವಿಲ್ಲದ ಉಚ್ಚಾರಗಳನ್ನೇ ಏಕೆ ಬಳಸಿದ, ಪ್ರಯೋಗಕ್ಕೆ ಒಳಗಾದವರು ಯಾರು ಎಂದು ಕೇಳಿದ್ದಾರೆ. ಹಳೆಯ ಅರ್ಥಸಂಬಂಧಗಳು ನೆನಪಿಗೆ ಊರುಗೋಲಾಗದಿರಲಿ ಎಂದು, ಒಳಗಾದವನು ಅವನೊಬ್ಬನೇ. ಇಸವಿಯನ್ನಷ್ಟೇ ಕೇಳಿ ಬಿಡುವ ಪುಸ್ತಕಗಳ ನಡುವೆ ಇಂಥ ‘ಏಕೆ’ ಪ್ರಶ್ನೆಗೆ ಬೆಲೆ ಹೆಚ್ಚು. ಹೊಸ ಯುಪಿಐ ಪಿನ್ ಒತ್ತುವಾಗ ಹಳೆಯ ಪಿನ್ ಬೆರಳಿಗೆ ಬರುವುದು ಪ್ರೊಆಕ್ಟಿವ್ ಅಡ್ಡಿ. ಹೊಸ ಪಿನ್ ರೂಢಿಯಾದ ಮೇಲೆ ಹಳೆಯದು ನೆನಪಾಗದಿರುವುದು ರೆಟ್ರೊಆಕ್ಟಿವ್ ಅಡ್ಡಿ. ಇವೆರಡನ್ನೂ ಒಂದೇ ಪಿನ್ ಕಥೆಯಲ್ಲಿ ಕೇಳಿರುವುದು ಒಳ್ಳೆಯ ಯೋಚನೆ. ಅಲ್ಪಾವಧಿ ಸ್ಮೃತಿಯ ಅಳತೆಗೆ ಮಿಲ್ಲರ್ 1956ರಲ್ಲಿ ಹೇಳಿದ ಒಂದು ಸಲಕ್ಕೆ 7 ಅಂಶ, ಎರಡು ಹೆಚ್ಚು ಅಥವಾ ಎರಡು ಕಡಿಮೆ ಎಂಬುದೇ ಉತ್ತರ. ಪರೀಕ್ಷೆಗೆ ಸರಿ. ಮನಸ್ಸಿನಲ್ಲೇ ಪುನರುಚ್ಚರಿಸಲು, ಗುಂಪು ಕಟ್ಟಲು ಅವಕಾಶ ಕೊಡದೆ ಅಳೆದರೆ ನಾಲ್ಕರ ಆಸುಪಾಸು ಮಾತ್ರ ಎಂದು ಕೋವನ್ 2001ರಲ್ಲಿ ವಾದಿಸಿದ ವಿಷಯ ಪುಸ್ತಕದಲ್ಲಿಲ್ಲ. ಹತ್ತು ಅಂಕಿಯ ಮೊಬೈಲ್ ಸಂಖ್ಯೆಯನ್ನು ನಾವು ಐದೈದಾಗಿ ಮುರಿದು ಹೇಳುವುದು ಇದೇ ಮಿತಿಯನ್ನು ದಾಟುವ ಉಪಾಯ. ಅದನ್ನು ಪ್ರಶ್ನೆಯಾಗಿಸದೆ ಬಿಟ್ಟದ್ದು ನಷ್ಟ.

ಇದೇ ಅಧ್ಯಾಯದಲ್ಲಿ ಸ್ಮರಿಸುವಿಕೆಗೂ ಗುರುತಿಸುವಿಕೆಗೂ ಇರುವ ವ್ಯತ್ಯಾಸ ಕೇಳಿದ್ದಾರೆ. ಎದುರಿಗೆ ಏನೂ ಇಲ್ಲದೆ ಒಳಗಿನಿಂದ ತೆಗೆಯುವುದು ಸ್ಮರಿಸುವಿಕೆ. ಎದುರಿಗಿರುವುದನ್ನು ನೋಡಿ ಹೌದು, ಇದೇ ಎನ್ನುವುದು ಗುರುತಿಸುವಿಕೆ. ನಾಲ್ಕು ಆಯ್ಕೆಯ ಪ್ರಶ್ನೆ ಗುರುತಿಸುವಿಕೆಯನ್ನು ಅಳೆಯುತ್ತದೆ. ಗುರುತಿಸುವುದು ಸುಲಭ, ಅದಕ್ಕೇ ಪ್ರಶ್ನೆಕೋಶದಲ್ಲಿ 25ಕ್ಕೆ 22 ತೆಗೆದವರು ಐದು ಅಂಕದ ಬರವಣಿಗೆಯ ಪ್ರಶ್ನೆಗೆ ಎರಡು ಸಾಲು ಬರೆದು ನಿಲ್ಲುತ್ತಾರೆ. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದುಕೊಳ್ಳುವುದು ದೀರ್ಘಕಾಲ ಉಳಿಯುತ್ತದೆ ಎಂಬುದಕ್ಕೆ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗ ಗಟ್ಟಿ ಆಧಾರ. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು; ವಾರದ ನಂತರ ಕೇಳಿದಾಗ ಬರೆದು ನೋಡಿಕೊಂಡವರು ಸುಮಾರು ಶೇ. 56ರಷ್ಟನ್ನೂ ಮತ್ತೆ ಓದಿದವರು ಸುಮಾರು ಶೇ. 42ರಷ್ಟನ್ನೂ ನೆನಪಿಸಿಕೊಂಡರು. ಪರೀಕ್ಷೆಯ ಹಿಂದಿನ ರಾತ್ರಿ ಓದಿದ್ದು ಚೆನ್ನಾಗಿ ತಲೆಗೆ ಹತ್ತಿದೆ ಅನ್ನಿಸುವುದೂ, ವಾರ ಕಳೆದರೆ ಏನೂ ಉಳಿಯದಿರುವುದೂ ಈ ಎರಡು ಅಳತೆಗಳಲ್ಲೇ ಅಡಗಿವೆ. ಪ್ರಶ್ನೆಕೋಶವನ್ನು ಹೇಗೆ ಬಳಸಬೇಕು ಎಂಬುದನ್ನೂ ಇದೇ ಪ್ರಯೋಗ ಹೇಳಿಕೊಡುತ್ತದೆ. ಅದು ಮುಂದೆ ಬರುತ್ತದೆ.

ಪುಸ್ತಕದುದ್ದಕ್ಕೂ ಕಾಡುವುದು ಆಯ್ಕೆಗಳ ಕಸುಬು. ‘ಮೇಲಿನ ಎಲ್ಲವೂ’ ಎಂಬ ಆಯ್ಕೆ ಬಂದಲ್ಲೆಲ್ಲ ಹೆಚ್ಚುಕಡಿಮೆ ಅದೇ ಸರಿಯುತ್ತರ. ನಾಲ್ಕರಲ್ಲಿ ಉದ್ದವಾದದ್ದು ಸರಿ ಎಂಬುದು ಇನ್ನೊಂದು ಸುಳಿವು: ಬರೆದವರು ಸರಿಯುತ್ತರವನ್ನು ಎಚ್ಚರದಿಂದ ಪೂರ್ತಿ ಬರೆದು, ತಪ್ಪು ಆಯ್ಕೆಗಳನ್ನು ಒಂದೇ ಪದದಲ್ಲಿ ಮುಗಿಸಿದ್ದಾರೆ. ಕನ್ನಡದಲ್ಲಿ ಪ್ರಶ್ನೆ ಬರೆಯುವಾಗ ಬರುವ ಎರಡು ತೊಡಕುಗಳೂ ಇವೆ. ಮೊದಲನೆಯದು ಪದದ ಲಿಂಗ. ‘ಅಪರಿಚಿತ ಸನ್ನಿವೇಶದ ಮೂಲಕ ತಾಯಿ-ಮಗುವಿನ ಬಾಂಧವ್ಯವನ್ನು ಅಧ್ಯಯನ ಮಾಡಿದವಳು ಯಾರು’ ಎಂದು ಕೇಳಿ ಪಿಯಾಜೆ, ಫ್ರಾಯ್ಡ್, ಎರಿಕ್ಸನ್, ಮೇರಿ ಐನ್ಸ್‌ವರ್ತ್ ಎಂದು ಕೊಟ್ಟರೆ ಪ್ರಶ್ನೆಯೇ ಉತ್ತರ ಹೇಳಿಬಿಟ್ಟಿತು. ‘ಮಾಡಿದ ಮನಶ್ಶಾಸ್ತ್ರಜ್ಞರು ಯಾರು’ ಎಂದರೆ ಸಾಕಿತ್ತು. ಎರಡನೆಯದು ನಿಷೇಧ. ನಮ್ಮ ವಾಕ್ಯದಲ್ಲಿ ‘ಅಲ್ಲ’ ಕೊನೆಗೆ ಬಂದು ಹಿಂದಿನ ಪದಕ್ಕೆ ಅಂಟಿಕೊಳ್ಳುತ್ತದೆ: ‘ಇವುಗಳಲ್ಲಿ ಯಾವುದು ಪ್ರಯೋಗ ವಿಧಾನದ ಲಕ್ಷಣವಲ್ಲ?’ ಅವಸರದ ಕಣ್ಣಿಗೆ ಅದು ‘ಲಕ್ಷಣ’ವಾಗಿಯೇ ಕಾಣುತ್ತದೆ. ಬಿಡಿಸಿ ‘ಲಕ್ಷಣ ಅಲ್ಲ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚುಮಾಡಬೇಕಿತ್ತು. ಪುಸ್ತಕ ಕೈಗೆ ಬಂದ ದಿನವೇ ಇಂಥ ಪ್ರಶ್ನೆಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಅಡಿಗೆರೆ ಹಾಕಿಬಿಡುವುದು ಒಳ್ಳೆಯದು. ನಾಲ್ಕನೆಯ ಆಯ್ಕೆಯನ್ನು ಬಲವಂತವಾಗಿ ತುರುಕಿದ ಕಡೆಗಳೂ ಸಾಕಷ್ಟಿವೆ. ನಂಬುವಂಥ ತಪ್ಪು ಆಯ್ಕೆ ಎರಡೇ ಸಿಕ್ಕರೆ ಮೂರು ಆಯ್ಕೆಗೆ ನಿಲ್ಲಿಸಿದರೂ ಪ್ರಶ್ನೆಯ ಗುಣ ಕೆಡುವುದಿಲ್ಲ.

ಸಂವೇದನೆ ಮತ್ತು ಗ್ರಹಿಕೆಯ ಅಧ್ಯಾಯವನ್ನು ಕೆಡಿಸಿದ್ದು ಜೆರಾಕ್ಸ್ ಯಂತ್ರ. ಬಣ್ಣಗುರುಡು ಪತ್ತೆ ಮಾಡುವ ಇಶಿಹಾರಾ ಚಿತ್ರವನ್ನು ಕಪ್ಪು-ಬಿಳುಪಿನಲ್ಲಿ ಅಚ್ಚುಹಾಕಿ ಇದರಲ್ಲಿ ಯಾವ ಅಂಕಿ ಕಾಣುತ್ತದೆ ಎಂದು ಕೇಳಿದರೆ ಯಾರು ತಾನೇ ಉತ್ತರಿಸಬೇಕು? ಅಲ್ಲಿ ಅಂಕಿ ಕಾಣುವುದೇ ಬಣ್ಣದ ವ್ಯತ್ಯಾಸದಿಂದ, ಚುಕ್ಕಿಗಳ ಹೊಳಪನ್ನು ಬೇಕೆಂದೇ ಏರುಪೇರಾಗಿಸಿರುತ್ತಾರೆ. ಮ್ಯುಲರ್-ಲಯರ್ ಭ್ರಮೆಯಲ್ಲಿ ಎರಡು ಗೆರೆಗಳೂ ಸಮ ಇರಬೇಕು, ಬಾಣದ ತುದಿಗಳಿಂದ ಮಾತ್ರ ಒಂದು ಉದ್ದವಾಗಿ ಕಾಣಬೇಕು. ಇಲ್ಲಿ ಸ್ಕೇಲಿಟ್ಟು ಅಳೆದರೆ ಮೂರು ಮಿಲಿಮೀಟರ್ ವ್ಯತ್ಯಾಸವಿದೆ, ಅಂದರೆ ಅದು ಭ್ರಮೆಯಲ್ಲ, ನಿಜವಾಗಿಯೇ ಉದ್ದ. ರೂಬಿನ್ನನ ಹೂಜಿ-ಮುಖ ಚಿತ್ರ ಮಾತ್ರ ಕಪ್ಪು-ಬಿಳುಪಿನಲ್ಲೂ ಚೆನ್ನಾಗಿ ಬಂದಿದೆ.

ಮೆದುಳಿನ ಭಾಗ ಬೇಗ ಮುಗಿಯುತ್ತದೆ. ಮಾತಾಡುವುದಕ್ಕೆ ಬೇಕಾದ ಬ್ರೋಕಾ ಪ್ರದೇಶ, ಮಾತನ್ನು ಅರ್ಥಮಾಡಿಕೊಳ್ಳಲು ಬೇಕಾದ ವೆರ್ನಿಕೆ ಪ್ರದೇಶ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್, ಕಿರುಮೆದುಳು ಎಲ್ಲ ಸರಿ. ನರಕೋಶಗಳ ಸಂಖ್ಯೆ 10,000 ಕೋಟಿ ಎಂಬುದು ಹಳೆಯ ಅಂದಾಜು. 2009ರಲ್ಲಿ ಪ್ರಕಟವಾದ ಎಣಿಕೆಯ ಪ್ರಕಾರ ಸುಮಾರು 8,600 ಕೋಟಿ. ಮನುಷ್ಯ ಮೆದುಳಿನ ಶೇ. 10ರಷ್ಟನ್ನು ಮಾತ್ರ ಬಳಸುತ್ತಾನೆ ಎಂಬುದನ್ನು ‘ಸರಿ’ ಎಂದು ಕೊಟ್ಟಿರುವುದು ಅಕ್ಷಮ್ಯ. ಮೆದುಳಿನ ಒಂದು ಸಣ್ಣ ಭಾಗಕ್ಕೆ ಪೆಟ್ಟಾದರೂ ಒಂದು ಕೆಲಸ ಕೆಡಬಹುದು ಎಂಬುದನ್ನು ಹಿಂದಿನ ಪುಟದ ಬ್ರೋಕಾ ಪ್ರಶ್ನೆಯೇ ತೋರಿಸುತ್ತದೆ.

ಇತಿಹಾಸದ ಅಧ್ಯಾಯದಲ್ಲಿ ಮೊದಲ ಮನಶ್ಶಾಸ್ತ್ರ ಪ್ರಯೋಗಾಲಯದ ವುಂಟ್, ಲೈಪ್‌ಜಿಗ್, 1879 ಇದೆ, ಇರಲೇಬೇಕು. ಕಲ್ಕತ್ತಾ ವಿಶ್ವವಿದ್ಯಾಲಯದ ವಿಭಾಗವೂ ಇದೆ. ಮೈಸೂರಿನ ಪ್ರಶ್ನೆಗೆ ಬಂದಾಗ ಮಾತ್ರ ನೋವಾಗುತ್ತದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಬಳಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನಲ್ಲಿ ಬಾನುಲಿ ಕೇಂದ್ರ ಆರಂಭಿಸಿದವರೂ ಅವರೇ, ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಆ ಕೇಂದ್ರದಿಂದ. ಪುಸ್ತಕ ಉತ್ತರವಾಗಿ ಕೊಟ್ಟಿರುವುದು ಎಂ.ವಿ. ಗೋವಿಂದಸ್ವಾಮಿ ಎಂದು. ಅವರು ಮನೋವೈದ್ಯರು, 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಸ್ಥಾಪಕ ನಿರ್ದೇಶಕರು. ಆ ಸಂಸ್ಥೆ ಮತ್ತು ಮಾನಸಿಕ ಆಸ್ಪತ್ರೆ ಒಂದಾಗಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಇನಿಷಿಯಲ್ ಒಂದೇ, ಹೆಸರು ಹತ್ತಿರ ಹತ್ತಿರ, ಕೆಲಸ ಬೇರೆ ಬೇರೆ. ಈ ಇಬ್ಬರನ್ನೂ ಒಂದೇ ಪ್ರಶ್ನೆಯ ಎರಡು ಆಯ್ಕೆಗಳಾಗಿ ಇಟ್ಟಿದ್ದರೆ ಎಷ್ಟು ಒಳ್ಳೆಯ ಪ್ರಶ್ನೆಯಾಗುತ್ತಿತ್ತು!

ಬುದ್ಧಿಶಕ್ತಿಯ ಲೆಕ್ಕಗಳು ಸರಿಯಿವೆ: ಮಾನಸಿಕ ವಯಸ್ಸು 10, ಕಾಲಾನುಕ್ರಮ ವಯಸ್ಸು 8 ಆದರೆ 10ನ್ನು 8ರಿಂದ ಭಾಗಿಸಿ 100ರಿಂದ ಗುಣಿಸಿ ಬುದ್ಧಿಸೂಚ್ಯಂಕ (ಐಕ್ಯೂ) 125. ಈ ಸೂತ್ರ ದೊಡ್ಡವರಿಗೆ ಏಕೆ ಹೊಂದುವುದಿಲ್ಲ ಎಂಬ ಪ್ರಶ್ನೆಯೇ ಇಲ್ಲ. ವಯಸ್ಸು ಏರುತ್ತಲೇ ಹೋಗುತ್ತದೆ, ಮಾನಸಿಕ ವಯಸ್ಸು ಅದರ ಜೊತೆಗೆ ಏರುವುದಿಲ್ಲ, ಹಾಗಾಗಿ 30 ದಾಟಿದವರೆಲ್ಲ ದಡ್ಡರಾಗಿಬಿಡುತ್ತಾರೆ. ಇಂದಿನ ವೆಕ್ಸ್‌ಲರ್ ಪರೀಕ್ಷೆಗಳು ಅದೇ ವಯಸ್ಸಿನವರ ಸರಾಸರಿಯನ್ನು 100, ಮಾನಕ ವಿಚಲನೆಯನ್ನು, ಅಂದರೆ ಅಂಕಗಳ ಹರಡಿಕೆಯ ಅಳತೆಯನ್ನು, 15 ಎಂದಿಟ್ಟು ಅಳೆಯುತ್ತವೆ. 85ರಿಂದ 115ರೊಳಗೆ ಸುಮಾರು ಶೇ. 68 ಮಂದಿ ಬರುತ್ತಾರೆ. ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದ ಬಿನೆ-ಕಾಮತ್ ಪರೀಕ್ಷೆಯ ಹೆಸರೂ ಇಲ್ಲದ ಕನ್ನಡ ಪ್ರಶ್ನೆಕೋಶ ಅಪೂರ್ಣ.

ಟಿಇಟಿಯವರು ಹೆಚ್ಚು ನೆಚ್ಚುವ ವಿಕಾಸದ ಅಧ್ಯಾಯ ಮಧ್ಯಮ ದರ್ಜೆಯದು. ಉದ್ದ ಲೋಟದ ಹಾಲನ್ನು ಅಗಲ ಬಟ್ಟಲಿಗೆ ಸುರಿದಾಗ ಕಡಿಮೆಯಾಯಿತು ಎನ್ನುವ ಐದು ವರ್ಷದ ಮಗು, ಪಿಯಾಜೆ ಹೇಳಿದ ಆಲೋಚನೆಯ ಬೆಳವಣಿಗೆಯ ಯಾವ ಹಂತದಲ್ಲಿದೆ ಎಂಬಂಥವು ಚೆನ್ನಾಗಿವೆ. ಉತ್ತರ ಪೂರ್ವ ಕಾರ್ಯಾಚರಣಾ ಹಂತ, ಸುಮಾರು 2ರಿಂದ 7 ವರ್ಷ. ಆದರೆ ಕಲಿಕಾ ಶೈಲಿಗೆ ತಕ್ಕಂತೆ, ಅಂದರೆ ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ವಿಂಗಡಿಸಿ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎಂಬುದನ್ನು ಸಾಬೀತಾದ ಸಂಗತಿ ಎಂದು ಕೊಟ್ಟಿದ್ದಾರೆ. 2008ರಲ್ಲಿ ಪಾಶ್ಲರ್ ಮತ್ತು ಸಂಗಡಿಗರು ಲಭ್ಯ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ, ಅದಕ್ಕೆ ತಕ್ಕ ಪುರಾವೆ ಇಲ್ಲ ಎಂದರು. ನಾಳೆ ಶಾಲೆಯಲ್ಲಿ ಮಕ್ಕಳ ಮುಂದೆ ನಿಲ್ಲುವವರು ಇದನ್ನು ತಪ್ಪಾಗಿ ಕಲಿಯಬಾರದು.

ಅಭಿಪ್ರೇರಣೆ, ಸಂವೇಗ, ವ್ಯಕ್ತಿತ್ವ, ಸಾಮಾಜಿಕ ಮನಶ್ಶಾಸ್ತ್ರ ಈ ನಾಲ್ಕೂ ಹೊಂದಿಸಿ ಬರೆಯಿರಿ ಮಟ್ಟದವು. ಮನುಷ್ಯನ ಅಗತ್ಯಗಳ ಶ್ರೇಣಿ ಹೇಳಿದ ಮ್ಯಾಸ್ಲೊ 1943ರ ಲೇಖನದಲ್ಲೇ ಅದರ ಪಿರಮಿಡ್ ಬಿಡಿಸಿದ ಎಂದಿದೆ. ಆ ಲೇಖನದಲ್ಲಿ ಪಿರಮಿಡ್ ಚಿತ್ರವಿಲ್ಲ. ರಕ್ಷಣಾ ತಂತ್ರಗಳಲ್ಲಿ ಪ್ರಕ್ಷೇಪಣೆಗೂ ಸ್ಥಾನಪಲ್ಲಟಕ್ಕೂ ಉದಾಹರಣೆಗಳು ಅದಲುಬದಲಾಗಿವೆ. ಆಫೀಸಿನಲ್ಲಿ ಬೈಸಿಕೊಂಡು ಮನೆಯಲ್ಲಿ ಮಗುವಿನ ಮೇಲೆ ರೇಗುವುದು ಸ್ಥಾನಪಲ್ಲಟ. ತನ್ನೊಳಗಿನ ಅಸೂಯೆಯನ್ನು ಒಪ್ಪದೆ ‘ಅವರಿಗೇ ನನ್ನ ಮೇಲೆ ಹೊಟ್ಟೆಕಿಚ್ಚು’ ಎನ್ನುವುದು ಪ್ರಕ್ಷೇಪಣೆ.

ಮಾನಸಿಕ ಅಸ್ವಸ್ಥತೆಗಳ ಅಧ್ಯಾಯದ ಬಗ್ಗೆ ಸುಮ್ಮನಿರಲಾಗದು. ಎರಡು ಪ್ರಶ್ನೆಗಳಲ್ಲಿ ‘ಹುಚ್ಚು’ ಎಂಬ ಪದ ಬಳಸಿದ್ದಾರೆ. ಸ್ಕಿಜೋಫ್ರೀನಿಯಾ ಎಂದರೆ ಒಬ್ಬರಲ್ಲಿ ಎರಡು ವ್ಯಕ್ತಿತ್ವ ಎಂದು ಉತ್ತರ ಕೊಟ್ಟಿದ್ದಾರೆ. ಕಾಯಿಲೆಯ ಹೆಸರಿನಲ್ಲಿರುವ ‘ಛಿದ್ರ’ ಎಂಬ ಅರ್ಥ ದಾರಿ ತಪ್ಪಿಸುತ್ತದೆ, ಅದು ಆಲೋಚನೆ, ಭಾವನೆ, ಗ್ರಹಿಕೆಗಳ ನಡುವಿನ ಹೊಂದಾಣಿಕೆ ಒಡೆಯುವುದರ ಬಗ್ಗೆ. ಭ್ರಾಂತಿ, ಇಲ್ಲದ ದನಿ ಕೇಳುವುದು, ಮಾತಿನ ಜಾಡು ತಪ್ಪುವುದು ಅದರ ಲಕ್ಷಣಗಳು. ಒಂದಕ್ಕಿಂತ ಹೆಚ್ಚು ವ್ಯಕ್ತಿತ್ವ ಕಾಣುವುದು ಬೇರೆಯೇ ಅಸ್ವಸ್ಥತೆ. ಈ ಒಂದು ತಪ್ಪು ಪರೀಕ್ಷಾ ಕೊಠಡಿಯ ಹೊರಗೆ, ಕಾಯಿಲೆಯಿರುವವರ ಮನೆಯ ಜಗಲಿಯವರೆಗೂ ಹೋಗಿ ನೋಯಿಸುತ್ತದೆ. ಲಕ್ಷಣಗಳ ಪಟ್ಟಿ ಓದುವಾಗ ಇದೆಲ್ಲ ನನಗೇ ಇದೆ ಅನ್ನಿಸುವ ವಿದ್ಯಾರ್ಥಿಗಳು ಬಹಳ. ಆ ಪುಟದ ಅಂಚಿನಲ್ಲಿ ಟೆಲಿ ಮಾನಸ್ ಸಹಾಯವಾಣಿ 14416 ಎಂದು ಬರೆದಿಟ್ಟುಕೊಳ್ಳಿ, ಕನ್ನಡದಲ್ಲೂ ಮಾತಾಡಬಹುದು.

ಪರಿಭಾಷೆಯ ತೊಂದರೆ ಎಲ್ಲ ಅಧ್ಯಾಯಗಳಿಗೂ ಸಾಮಾನ್ಯ. ಒಂದು ಕಡೆ ಪುನರ್ಬಲನ, ಇನ್ನೊಂದು ಕಡೆ ಪ್ರಬಲನ, ಮತ್ತೊಂದು ಕಡೆ ಬಲವರ್ಧನೆ. ಮೂರೂ ಒಂದೇ ಎಂದು ಗೊತ್ತಿಲ್ಲದವರು ಮೂರು ಪಾಠ ಓದುತ್ತಾರೆ. ಸಂವೇದನೆ ಎಂಬ ಪದ ಒಮ್ಮೆ ಇಂದ್ರಿಯಗಳ ಕೆಲಸಕ್ಕೆ, ಒಮ್ಮೆ ಭಾವನೆಗೆ ಬಳಕೆಯಾಗಿದೆ. ಕೊನೆಯ ಖಾಲಿ ಪುಟದಲ್ಲಿ ನಿಮ್ಮ ಪಠ್ಯದ ಪದ, ಪ್ರಶ್ನೆಕೋಶದ ಪದ, ಇಂಗ್ಲಿಷ್ ಪದ ಎಂದು ಮೂರು ಸಾಲು ಮಾಡಿ ಬರೆದುಕೊಂಡರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಬಳಸುವ ಕ್ರಮ ಹೀಗಿರಲಿ. ಹಳೆಯ ಮದುವೆ ಕಾರ್ಡಿನ ಗಟ್ಟಿ ರಟ್ಟನ್ನು ಪುಟದಗಲಕ್ಕೆ ಕತ್ತರಿಸಿ ಆಯ್ಕೆಗಳನ್ನೂ ಅಡಿಯ ಉತ್ತರಗಳನ್ನೂ ಮುಚ್ಚಿ. ಪ್ರಶ್ನೆಯನ್ನಷ್ಟೇ ಓದಿ, ಉತ್ತರವನ್ನು ನಿಮ್ಮ ಮಾತಿನಲ್ಲಿ ಒಂದು ಸಾಲು ಬರೆಯಿರಿ. ಆಮೇಲೆ ರಟ್ಟು ಸರಿಸಿ ಆಯ್ಕೆ ಗುರುತು ಮಾಡಿ, ಪಕ್ಕದಲ್ಲಿ ಖಚಿತ, ಅನುಮಾನ, ಊಹೆ ಇವುಗಳಲ್ಲಿ ಒಂದನ್ನು ಬರೆಯಿರಿ. ನಾಲ್ಕು ಆಯ್ಕೆಯ 25 ಪ್ರಶ್ನೆಗಳಲ್ಲಿ ಏನೂ ಓದದೆ ಗುರುತು ಹಾಕಿದರೂ ಆರು ಸರಿಯಾಗುವುದು ಸಹಜ, ಹಾಗಾಗಿ ಊಹೆಯಿಂದ ಬಂದ ಅಂಕವನ್ನು ಎಣಿಸಬೇಡಿ. ಖಚಿತ ಎಂದು ಬರೆದು ತಪ್ಪಿದವೇ ಮೊದಲು ತಿದ್ದಬೇಕಾದವು. ತಪ್ಪಿದ ಪ್ರತಿ ಪ್ರಶ್ನೆಗೂ ಉಳಿದ ಮೂರು ಆಯ್ಕೆಗಳು ಏಕೆ ಸರಿಯಲ್ಲ ಎಂದು ಒಂದೊಂದು ಸಾಲು ಬರೆಯಿರಿ. ಎರಡು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಅವನ್ನೇ ಬಿಡಿಸಿ.

ಅಧ್ಯಾಯದ ಸಾಲಿನಲ್ಲೇ ಹೋಗಬೇಡಿ. ಕಲಿಕೆಯ ಅಧ್ಯಾಯದಲ್ಲಿ ಕುಳಿತಾಗ ಉತ್ತರ ಕಲಿಕೆಯದೇ ಎಂದು ತಲೆಬರಹವೇ ಹೇಳುತ್ತಿರುತ್ತದೆ, ಪರೀಕ್ಷೆಯಲ್ಲಿ ಆ ತಲೆಬರಹ ಇರುವುದಿಲ್ಲ. 1ರಿಂದ 300ರವರೆಗೆ ಚೀಟಿ ಬರೆದು ಡಬ್ಬಿಯಲ್ಲಿ ಹಾಕಿ ದಿನಕ್ಕೆ 30 ಎತ್ತಿ. ಟಿಇಟಿಯವರು 30 ನಿಮಿಷ ಗಡಿಯಾರ ಇಟ್ಟುಕೊಳ್ಳಲಿ, ಅಲ್ಲಿ ಪ್ರಶ್ನೆಗೆ ಒಂದೇ ನಿಮಿಷ. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಎಂಆರ್‌ನಲ್ಲಿ ಯಾವುದನ್ನೂ ಖಾಲಿ ಬಿಡುವಂತಿಲ್ಲ.

ಉಪನ್ಯಾಸಕರು ತರಗತಿಯಲ್ಲಿ ಬಳಸುವುದಾದರೆ ಪ್ರಶ್ನೆಗಳನ್ನೂ ಪರೀಕ್ಷಿಸಬಹುದು. 40 ಮಂದಿಯಲ್ಲಿ 30 ಮಂದಿ ಸರಿ ಮಾಡಿದರೆ ಸುಲಭತೆಯ ಸೂಚ್ಯಂಕ 0.75. ಒಟ್ಟು ಅಂಕದಲ್ಲಿ ಮೇಲಿನ ಶೇ. 27 ಅಂದರೆ 11 ಮಂದಿ, ಕೆಳಗಿನ 11 ಮಂದಿಯನ್ನು ಬೇರೆ ಮಾಡಿ. ಮೇಲಿನವರಲ್ಲಿ 9, ಕೆಳಗಿನವರಲ್ಲಿ 4 ಮಂದಿ ಸರಿ ಮಾಡಿದ್ದರೆ ವ್ಯತ್ಯಾಸ 5, ಅದನ್ನು 11ರಿಂದ ಭಾಗಿಸಿದರೆ ಸುಮಾರು 0.45, ಪ್ರಶ್ನೆ ಬಲ್ಲವರನ್ನೂ ಅರಿಯದವರನ್ನೂ ಚೆನ್ನಾಗಿ ಬೇರ್ಪಡಿಸುತ್ತಿದೆ. ಈ ಸಂಖ್ಯೆ ಸೊನ್ನೆಗಿಂತ ಕೆಳಗೆ ಹೋದರೆ, ಅಂದರೆ ಬಲ್ಲವರೇ ಹೆಚ್ಚು ತಪ್ಪಿದರೆ, ಮೊದಲು ಅನುಮಾನಿಸಬೇಕಾದದ್ದು ಉತ್ತರಪಟ್ಟಿಯನ್ನು. ಈ ಪುಸ್ತಕದ ಹೆಲ್ಮೆಟ್ ಪ್ರಶ್ನೆಗೆ ಖಂಡಿತ ಹಾಗೇ ಆಗುತ್ತದೆ.

ಅಂಗಡಿಯಲ್ಲಿ ದುಡ್ಡು ಕೊಡುವ ಮುನ್ನ ಮೂರು ಕಡೆ ತೆರೆದು ನೋಡಿ. ಹೆಲ್ಮೆಟ್ ಪ್ರಶ್ನೆಯ ಉತ್ತರ ತಿದ್ದಿದೆಯೇ, ಮೈಸೂರು ವಿಭಾಗದ ಪ್ರಶ್ನೆಗೆ ಗೋಪಾಲಸ್ವಾಮಿ ಎಂದಿದೆಯೇ, ಸ್ಕಿಜೋಫ್ರೀನಿಯಾದ ಉತ್ತರ ಬದಲಾಗಿದೆಯೇ. ಜೆರಾಕ್ಸ್‌ನ ಮೇಲೆ ಜೆರಾಕ್ಸ್ ಆದ ಪ್ರತಿಗಳಲ್ಲಿ ಅಕ್ಷರಗಳು ಅಳಿಸಿಹೋಗಿ ಸಂವೇದನೆಗೂ ಸಂವೇಗಕ್ಕೂ ವ್ಯತ್ಯಾಸ ಹುಡುಕಬೇಕಾಗುತ್ತದೆ, ಮಧ್ಯದ ಪುಟವೊಂದನ್ನು ಬೆಳಕಿಗೆ ಹಿಡಿದು ಓದಿ ನೋಡಿ. ಮೂರೂ ತಪ್ಪಾಗಿಯೇ ಇದ್ದರೆ 180 ಹೆಚ್ಚು. ಕಲಿಕೆ ಮತ್ತು ಸ್ಮೃತಿಯ 50 ಪ್ರಶ್ನೆಗಳಿಗಾಗಿ ಇಬ್ಬರು ಸೇರಿ ಒಂದು ಪ್ರತಿ ಕೊಂಡರೆ ಸಾಕು.